ಕುಡಿತ ಬಿಟ್ಟವರ ಗುಂಪು ಹುಡುಕುವುದು ಹೇಗೆ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಹಂತ ಹಂತದ ದಾರಿ

"ಅಣ್ಣಾ, ಎಲ್ಲಾ ಕಡೆ ಹುಡುಕಿದ್ವಿ. ನಮ್ಮೂರಾಗ ಅಂಥಾದ್ದೇನೂ ಇಲ್ಲ." ನನಗೆ ಫೋನ್ ಮಾಡುವವರು ಮೊದಲು ಹೇಳುವ ಮಾತು ಇದು. ಸಿಂಧನೂರು, ಕಾರಟಗಿ, ಸಿರುಗುಪ್ಪ, ಕುಷ್ಟಗಿ, ಎಲ್ಲಿಂದ ಮಾಡಿದರೂ ಇದೇ. ಹೇಗೆ ಹುಡುಕಿದಿರಿ ಅಂತ ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ. ಮೊಬೈಲಿನಲ್ಲಿ ನೋಡಿದೆವು, ಮೇಲೆ ಬಂದ ನಂಬರಿಗೆ ಫೋನ್ ಮಾಡಿದೆವು, ಅವರು ಮೂರು ತಿಂಗಳ ಅಡ್ಮಿಷನ್‌ಗೆ ದುಡ್ಡು ಕೇಳಿದರು, ಅಲ್ಲಿಗೆ ಬಿಟ್ಟೆವು.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಮ್ಮಣ್ಣ ಕುಡಿತ ಬಿಡುತ್ತೇನೆ ಅಂದ ದಿನದಿಂದ ಅವನು ಮೊದಲ ಸಭೆಯಲ್ಲಿ ಕೂತ ದಿನದವರೆಗೆ ಏಳು ತಿಂಗಳು ಹೋಯಿತು. ಆ ಏಳು ತಿಂಗಳಲ್ಲಿ ಎರಡು ಸಲ ಅವನು ಸಾಯುವ ಹಾಗಾಗಿ ಉಳಿದ. ಆಗ ಗುಂಪು ಇರಲಿಲ್ಲ ಅಂತಲ್ಲ. ನಾವು ಹುಡುಕಿದ ಕ್ರಮ ತಪ್ಪಿತ್ತು. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದೆವು, ಮೊದಲು ಮಾಡಬೇಕಾದ್ದನ್ನು ಮಾಡಲೇ ಇಲ್ಲ. ಅದಕ್ಕೇ ಇಲ್ಲಿ ಹಂತಗಳ ಕ್ರಮಕ್ಕೆ ಇಷ್ಟು ಒತ್ತು ಕೊಟ್ಟಿದ್ದೇನೆ. ದಯವಿಟ್ಟು ಹಾರಿಸಿ ಓದಬೇಡಿ.

ನೀವು ಹುಡುಕುತ್ತಿರುವುದು ಏನನ್ನು?

ಜಾಸ್ತಿ ಜನ ಇಲ್ಲೇ ದಾರಿ ತಪ್ಪುತ್ತಾರೆ. ಕುಡಿತ ಬಿಡಿಸುವ ಕೇಂದ್ರ ಬೇರೆ, ಬಿಟ್ಟವರ ಗುಂಪು ಬೇರೆ. ಕೇಂದ್ರದಲ್ಲಿ ಕೆಲವು ದಿನ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಾರೆ. ಗುಂಪಿನಲ್ಲಿ ಡಾಕ್ಟರೂ ಇಲ್ಲ, ಹಾಸಿಗೆಯೂ ಇಲ್ಲ. ಕುಡಿದು ಕೆಟ್ಟು, ಈಗ ಬಿಟ್ಟು ನಿಂತಿರುವ ಜನ ವಾರಕ್ಕೊಮ್ಮೆಯೋ ಎರಡು ಸಲವೋ ಒಂದು ಕಡೆ ಕೂರುತ್ತಾರೆ, ತಮ್ಮ ಅನುಭವ ಹೇಳಿಕೊಳ್ಳುತ್ತಾರೆ, ಅಷ್ಟೇ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನಗಳಲ್ಲಿ ಕೈ ಹಿಡಿಯುವುದು ಈ ಗುಂಪು.

ನಮ್ಮ ಭಾಗದಲ್ಲಿ ವಿಚಾರಿಸಬೇಕಾದ ಗುಂಪುಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಆಲ್ಕೊಹಾಲಿಕ್ಸ್ ಅನಾನಿಮಸ್. ಎಲ್ಲರೂ ಎಎ ಅಂತಾರೆ. ಇಲ್ಲಿ ಶುಲ್ಕವಿಲ್ಲ, ಹೆಸರು ಬರೆಸಬೇಕಿಲ್ಲ, ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಎರಡನೆಯದು ನವಜೀವನ ಸಮಿತಿ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರಲ್ಲ, ಆ ಶಿಬಿರದಲ್ಲಿ ಬಿಟ್ಟವರು ಆಮೇಲೆ ಸೇರುವ ಗುಂಪು ಇದು. ಮೂರನೆಯದು ಆಸ್ಪತ್ರೆಯ ಮನೋರೋಗ ವಿಭಾಗದವರು ತಮ್ಮ ಹತ್ತಿರ ಚಿಕಿತ್ಸೆ ಪಡೆದವರನ್ನು ಕೂರಿಸಿ ನಡೆಸುವ ಗುಂಪು ಸಮಾಲೋಚನೆ.

ಮನೆಯವರಿಗೆ ಬೇರೆಯದೇ ಗುಂಪು ಇದೆ. ಅದರ ಹೆಸರು ಆಲನಾನ್. ಕುಡಿಯುವವರು ಬರಲಿ ಬಿಡಲಿ, ಹೆಂಡತಿ, ತಾಯಿ, ಅಣ್ಣತಮ್ಮಂದಿರು ಅಲ್ಲಿಗೆ ಹೋಗಬಹುದು.

ಈ ಬರಹದಲ್ಲಿ ಯಾವ ಗುಂಪಿನ ವಿಳಾಸವನ್ನೂ ಕೊಟ್ಟಿಲ್ಲ. ಇಂಥ ಗುಂಪುಗಳು ಜಾಗ ಬದಲಿಸುತ್ತಾ ಇರುತ್ತವೆ. ಹಳೆ ವಿಳಾಸ ನಂಬಿ ಹೋಗಿ ಬೀಗ ಹಾಕಿದ ಬಾಗಿಲು ನೋಡಿದವನು ಸೀದಾ ವೈನ್ ಶಾಪಿಗೆ ಹೋಗುತ್ತಾನೆ. ಇದು ನಮ್ಮಣ್ಣನಿಗೇ ಆದದ್ದು. ಅದಕ್ಕೇ ಇವತ್ತಿನ ವಿಳಾಸ ಇವತ್ತೇ ಪಡೆಯುವುದು ಹೇಗೆ ಅಂತ ಹೇಳುತ್ತೇನೆ.

ಜೊತೆಗೆ ಇರಬೇಕಾದ್ದು

ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು. ಕರೆನ್ಸಿ ಇರುವ ಫೋನು. ಆಧಾರ್ ಕಾರ್ಡು, ಹಳೆ ಆಸ್ಪತ್ರೆ ಚೀಟಿಗಳು. ಬಸ್ಸಿನ ಖರ್ಚಿಗೆ ದುಡ್ಡು, ಆದರೆ ಅದು ಜೊತೆಗೆ ಬರುವವರ ಜೇಬಿನಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಜೊತೆಗೆ ಬರುವ ಒಬ್ಬ ಮನುಷ್ಯ. ಅವರು ಬಯ್ಯದವರಾಗಿರಬೇಕು. ದಾರಿಯುದ್ದಕ್ಕೂ ಹಳೇದೆಲ್ಲ ಎತ್ತಿ ಆಡುವ ಮಾವನನ್ನು ಕಳಿಸುವುದಕ್ಕಿಂತ ಸುಮ್ನೆ ಪಕ್ಕದಲ್ಲಿ ಕೂರುವ ಗೆಳೆಯ ಸಾವಿರ ಪಾಲು ಮೇಲು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ವಿಷಯ ಬರೆಯಿರಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಏನು ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಯಾವಾಗ. ಡಾಕ್ಟರು ಕೇಳುವುದು ಇದನ್ನೇ. ಮರ್ಯಾದೆಗೆ ಅಂಜಿ ಕಡಿಮೆ ಬರೆಯಬೇಡಿ. ಎರಡು ಕ್ವಾರ್ಟರ್ ಕುಡಿಯುವವರು "ಒಂದು ನೈಂಟಿ" ಅಂದರೆ ಔಷಧಿಯ ಲೆಕ್ಕವೇ ತಪ್ಪುತ್ತದೆ.

ಹಂತ 1: ಗುಂಪಿಗೂ ಮೊದಲು ಡಾಕ್ಟರು

ಇದನ್ನು ಹಾರಿಸಿದ್ದೇ ನಮ್ಮ ಮನೆಯ ಮೊದಲ ತಪ್ಪು. ಬಹಳ ದಿನದಿಂದ ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ದೇಹ ಆ ಎಣ್ಣೆಗೆ ಒಗ್ಗಿಹೋಗಿರುತ್ತದೆ. ಅದು ಸಿಗದಿದ್ದಾಗ ನರಗಳು ಹಿಡಿತ ತಪ್ಪುತ್ತವೆ.

ಹೊತ್ತಿನ ಲೆಕ್ಕ ನೆನಪಿರಲಿ. ಕೊನೆಯ ಗ್ಲಾಸಿನ ನಂತರ 6ರಿಂದ 24 ಗಂಟೆಯೊಳಗೆ ಕೈ ನಡುಗುವುದು, ಬೆವರುವುದು, ವಾಂತಿ, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಮೂರ್ಛೆ, ಅಂದರೆ ಫಿಟ್ಸ್, ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯಲ್ಲಿ ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಎರಡರಿಂದ ನಾಲ್ಕನೇ ದಿನದ ನಡುವೆ. ಇಲ್ಲದ ಮನುಷ್ಯರು ಕಾಣುವುದು, ಮೈಮೇಲೆ ಹುಳ ಹರಿದ ಹಾಗೆ ಅನಿಸುವುದು, ಊರು ಯಾವುದು ದಿನ ಯಾವುದು ತಿಳಿಯದಿರುವುದು, ಜ್ವರ. ಇದನ್ನು ನೋಡಿ ಗಾಳಿ ಸೋಕಿದೆ ಅಂತ ದರ್ಗಾಕ್ಕೋ ಗುಡಿಗೋ ಕರೆದೊಯ್ದವರನ್ನು ನಾನು ಕಂಡಿದ್ದೇನೆ. ಅಷ್ಟು ಹೊತ್ತು ಕಾಯುವ ಹಾಗಿಲ್ಲ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ, ನೀರು ಕುಡಿಸಬೇಡಿ. ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ.

ನಮ್ಮ ಕಡೆ ಈ ಅಪಾಯ ಹೆಚ್ಚುವ ಕಾಲಗಳಿವೆ. ಶ್ರಾವಣದ ಮೊದಲ ದಿನ, ಅಯ್ಯಪ್ಪ ಮಾಲೆ ಅಥವಾ ಹನುಮ ಮಾಲೆ ಹಾಕುವ ದಿನ, ಹುಲಿಗೆಮ್ಮನ ಮುಂದೆ ಆಣೆ ಮಾಡಿದ ದಿನ. ಹಿಂದಿನ ರಾತ್ರಿವರೆಗೆ ಕುಡಿದವರು ಬೆಳಿಗ್ಗೆ ಒಮ್ಮೆಲೇ ನಿಲ್ಲಿಸುತ್ತಾರೆ. ನಮ್ಮಣ್ಣನಿಗೆ ಮೊದಲ ಸಲ ಮೂರ್ಛೆ ಬಂದದ್ದು ಮಾಲೆ ಹಾಕಿದ ಮರುದಿನ ಬೆಳಿಗ್ಗೆ. ಹರಕೆಯನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಹರಕೆ ಎಷ್ಟೋ ಜನರಿಗೆ ಶಕ್ತಿ ಕೊಟ್ಟಿದೆ. ಜನರ ಚಟವನ್ನೇ ಭಿಕ್ಷೆ ಬೇಡುತ್ತಿದ್ದ ಇಳಕಲ್ಲಿನ ಮಹಾಂತ ಶ್ರೀಗಳ ಜೋಳಿಗೆಗೆ ಚಟ ಹಾಕಿ, ಮತ್ತೆ ಮುಟ್ಟದವರು ನಮ್ಮ ಭಾಗದಲ್ಲಿದ್ದಾರೆ. ಆದರೆ ಆಣೆಗೆ ಒಂದು ವಾರ ಮೊದಲೇ ಡಾಕ್ಟರನ್ನು ಕಾಣಿ. ಮಾತ್ರೆ ಶುರುಮಾಡಿಕೊಂಡು ಬಿಟ್ಟರೆ ಹರಕೆಯೂ ನಿಲ್ಲುತ್ತದೆ, ಜೀವವೂ ಉಳಿಯುತ್ತದೆ.

ರಾಯಚೂರು ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಕಲಬೆರಕೆ ಸೇಂದಿ ಕುಡಿಯುವವರು ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಲೇಬೇಕು. ಅದಕ್ಕೆ ಬೆರೆಸುವ ಸಿಎಚ್ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್. ಅದು ನಿದ್ದೆ ಬರಿಸುವ ರಾಸಾಯನಿಕ. "ಬರೀ ಸೇಂದಿ, ಬ್ರಾಂದಿ ಅಲ್ಲ" ಅಂತ ಹಗುರ ಮಾಡಬೇಡಿ. ಅದನ್ನು ಒಮ್ಮೆಲೇ ಬಿಟ್ಟಾಗಲೂ ಮೂರ್ಛೆ, ಭ್ರಮೆ ಬರುತ್ತವೆ.

ಎಲ್ಲಿಗೆ ಹೋಗಬೇಕು? ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬಳ್ಳಾರಿಯಲ್ಲಿ ಜನ ಇವತ್ತಿಗೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಹೊರರೋಗಿ ಚೀಟಿ ಮಾಡಿಸುವಾಗ "ಮನೋರೋಗ ವಿಭಾಗ" ಅನ್ನಿ. ಸಾಮಾನ್ಯ ವಿಭಾಗಕ್ಕೆ ಹೋದರೆ ಹೊಟ್ಟೆನೋವಿನ ಮಾತ್ರೆ ಬರೆದು ಕಳಿಸುವ ಸಾಧ್ಯತೆ ಇದೆ. ಅಷ್ಟು ದೂರ ಆಗದವರು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ.

ಹಂತ 2: ಚೀಟಿ ತಗೊಂಡು ಹೊರಗೆ ಓಡಿ ಬರಬೇಡಿ

ಡಾಕ್ಟರು ನೋಡಿದ ಮೇಲೆ ಔಷಧಿ ಕೌಂಟರಿಗೆ ಓಡುವುದು ನಮ್ಮ ರೂಢಿ. ಹಾಗೆ ಓಡದೆ ಮನೋರೋಗ ವಿಭಾಗದಲ್ಲೇ ಐದು ನಿಮಿಷ ನಿಲ್ಲಿ. "ಇಲ್ಲಿ ಸಮಾಲೋಚಕರು ಯಾರು? ಸೋಷಿಯಲ್ ವರ್ಕರ್ ಯಾರು?" ಅಂತ ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಈ ಹುದ್ದೆಗಳೂ ಇವೆ. ಅಂದಹಾಗೆ ದೇಶದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿದ ಕೆಲಸ. ಹಾಗಾಗಿ ಕೇಳಲು ಹಿಂಜರಿಯಬೇಡಿ, ಇದು ನಿಮ್ಮ ಹಕ್ಕು.

ಯಾವ ಗುಂಪು ಈಗ ನಡೆಯುತ್ತಿದೆ, ಯಾವುದು ನಿಂತಿದೆ ಅನ್ನುವುದು ಗೊತ್ತಿರುವ ಸಾಧ್ಯತೆ ಅವರಿಗೇ ಜಾಸ್ತಿ. ಚಿಕಿತ್ಸೆ ಮುಗಿಸಿ ಹೋದವರು ತಿರುಗಿ ಬಂದು ಸುದ್ದಿ ಹೇಳುವುದು ಅವರಿಗೇ. ಅವರನ್ನು ಮೂರು ಪ್ರಶ್ನೆ ಕೇಳಿ. ಈ ಜಿಲ್ಲೆಯಲ್ಲಿ ಎಎ ಗುಂಪು ಎಲ್ಲಿದೆ? ನಿಮ್ಮಲ್ಲೇ ಗುಂಪು ಸಮಾಲೋಚನೆ ಇದೆಯಾ, ಯಾವ ವಾರ? ಬಿಟ್ಟು ವರ್ಷವಾದವರು ಯಾರಾದರೂ ನಮ್ಮ ಜೊತೆ ಮಾತಾಡಲು ಒಪ್ಪುತ್ತಾರಾ? ಮೂರನೇ ಪ್ರಶ್ನೆಗೆ ಒಪ್ಪಿಗೆ ಸಿಕ್ಕರೆ ಮುಂದಿನ ಎರಡು ಹಂತ ಅರ್ಧ ಮುಗಿದ ಹಾಗೆ.

ಹಂತ 3: ಫೋನುಗಳು, ಈ ಕ್ರಮದಲ್ಲಿ

ಮೊದಲು 14446. ಇದು ಕೇಂದ್ರ ಸರ್ಕಾರದ ವ್ಯಸನ ಬಿಡಿಸುವ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ನಿಮ್ಮ ಜಿಲ್ಲೆಯಲ್ಲಿ ಸರ್ಕಾರದ ನೆರವು ಪಡೆಯುವ ಕೇಂದ್ರ ಯಾವುದು ಅಂತ ಕೇಳಿ. ಅಂಥ ಕೇಂದ್ರದವರಿಗೆ ಬಿಟ್ಟವರ ಗುಂಪುಗಳ ಪರಿಚಯ ಇರುತ್ತದೆ.

ಆಮೇಲೆ 14416, ಟೆಲಿ ಮನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಇದು 24 ಗಂಟೆ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಭಾಷೆ ಆರಿಸಿಕೊಳ್ಳಲು ಕೇಳಿದಾಗ ಗಡಿಬಿಡಿಯಲ್ಲಿ ಕಟ್ ಮಾಡಬೇಡಿ. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಒದ್ದಾಡುವಾಗ, ಸಾಯಬೇಕು ಅನಿಸಿದಾಗ ಕೂಡ ಇದೇ ನಂಬರ್. ಇದನ್ನು ಫೋನಿನಲ್ಲಿ ಈಗಲೇ ಸೇವ್ ಮಾಡಿ.

ಮೂರನೆಯದಾಗಿ ಎಎ. ಇವರ ಭಾರತದ ಮುಖ್ಯ ಕಚೇರಿಗೆ ಜಾಲತಾಣವಿದೆ, ಅಲ್ಲಿ ಸಹಾಯವಾಣಿ ನಂಬರ್ ಸಿಗುತ್ತದೆ. ಗೂಗಲ್‌ನಲ್ಲಿ ಹುಡುಕುವಾಗ "ಡಿ ಅಡಿಕ್ಷನ್ ಸೆಂಟರ್" ಅಂತ ಹಾಕಬೇಡಿ. ಹಾಗೆ ಹಾಕಿದರೆ ಮೇಲೆ ಬರುವುದು ಜಾಹೀರಾತು. "ಎಎ ಮೀಟಿಂಗ್" ಅಂತ ಹಾಕಿ, ಜೊತೆಗೆ ಊರಿನ ಹೆಸರು. ನಿಮ್ಮ ಊರು ಮಾತ್ರ ಅಲ್ಲ, ಸುತ್ತಲಿನ ಊರುಗಳನ್ನೂ ಹಾಕಿ. ಗಂಗಾವತಿಯವರು ಹೊಸಪೇಟೆಯನ್ನೂ ಕೇಳಬೇಕು, ಸಿರುಗುಪ್ಪದವರು ಬಳ್ಳಾರಿಯ ಜೊತೆ ಸಿಂಧನೂರನ್ನೂ ಕೇಳಬೇಕು. ಜಿಲ್ಲೆಯ ಗಡಿ ಬಸ್ಸಿಗಿಲ್ಲ ಅಲ್ವಾ?

ಇನ್ನೊಂದು ದಾರಿ ಬಹುಶಃ ನಿಮ್ಮ ಅಡುಗೆಮನೆಯಲ್ಲೇ ಇದೆ. ಮನೆಯ ಹೆಣ್ಣುಮಕ್ಕಳು ಧರ್ಮಸ್ಥಳ ಸಂಘದಲ್ಲಿದ್ದರೆ, ಮುಂದಿನ ವಾರದ ಸಭೆಯಲ್ಲಿ ಸೇವಾಪ್ರತಿನಿಧಿಯನ್ನು ಕೇಳಲು ಹೇಳಿ. ಮುಂದಿನ ಮದ್ಯವರ್ಜನ ಶಿಬಿರ ಎಲ್ಲಿ, ಹತ್ತಿರದ ನವಜೀವನ ಸಮಿತಿ ಎಲ್ಲಿ ಸೇರುತ್ತದೆ ಅಂತ. ಶಿಬಿರ ಸಾಮಾನ್ಯವಾಗಿ 8 ದಿನದ್ದು. ಶಿಬಿರಕ್ಕೆ ಹೋಗದವರೂ ಸಮಿತಿಯಲ್ಲಿರುವವರ ಜೊತೆ ಮಾತಾಡಲು ಏನೂ ಅಡ್ಡಿಯಿಲ್ಲ. ಆಶಾ ಕಾರ್ಯಕರ್ತೆಯನ್ನೂ ಕೇಳಿ. ಊರಿನಲ್ಲಿ ಯಾರು ಕುಡಿಯುತ್ತಾರೆ, ಯಾರು ಬಿಟ್ಟಿದ್ದಾರೆ ಅನ್ನುವುದು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಆಗಸ್ಟ್ 1, ಮಹಾಂತ ಶ್ರೀಗಳ ಹುಟ್ಟುಹಬ್ಬ, ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ದಿನದ ಕಾರ್ಯಕ್ರಮಕ್ಕೆ ಹೋದರೆ ಅಧಿಕಾರಿಗಳು, ಸಮಾಲೋಚಕರು, ಬಿಟ್ಟವರು ಒಂದೇ ಕಡೆ ಸಿಗುತ್ತಾರೆ. ಭಾಷಣ ಮುಗಿದ ಮೇಲೆ ಚಹಾ ಕುಡಿಯುವ ಹೊತ್ತಿನಲ್ಲಿ ನಿಮ್ಮ ನೋಟ್‌ಬುಕ್ಕು ತೆಗೆಯಿರಿ.

ಹಂತ 4: ಹೋಗುವ ಮುಂಚೆ ಖಾತ್ರಿ ಮಾಡಿಕೊಳ್ಳಿ

ನಂಬರ್ ಸಿಕ್ಕ ಕೂಡಲೇ ಮನೆಯವರು ಫೋನ್ ಮಾಡಿಬಿಡುತ್ತಾರೆ. ಮಾಡಲಿ, ತಪ್ಪಿಲ್ಲ. ಆದರೆ ಎಎಯವರು "ಅವರ ಕೈಗೆ ಫೋನ್ ಕೊಡಿ" ಅಂತ ಕೇಳಬಹುದು. ಬೇಜಾರು ಮಾಡಿಕೊಳ್ಳಬೇಡಿ. ಬಿಡುವವರೇ ಮಾತಾಡಬೇಕು ಅನ್ನುವುದು ಅವರ ರೀತಿ.

ಮಾತು ಹೇಗೆ ಶುರುಮಾಡುವುದು ಅಂತ ಎಷ್ಟೋ ಜನಕ್ಕೆ ಗಂಟಲು ಕಟ್ಟುತ್ತದೆ. ಇಷ್ಟು ಸಾಕು: "ನಮಸ್ಕಾರ್ರಿ ಸರ. ನಾನು ಮಾನ್ವಿಯಿಂದ ಮಾತಾಡಾಕತ್ತೀನಿ. ಕುಡಿಯೋದು ಬಿಡಬೇಕಂತ ಮಾಡೀನಿ. ನಿಮ್ಮ ಮೀಟಿಂಗಿಗೆ ಬರಬಹುದೇನ್ರಿ?" ಹೆಸರು ಹೇಳಲೇಬೇಕಂತಿಲ್ಲ.

ಆಮೇಲೆ ಇವುಗಳನ್ನು ಕೇಳಿ ಬರೆದುಕೊಳ್ಳಿ. ಸಭೆ ಯಾವ ವಾರ, ಎಷ್ಟು ಗಂಟೆಗೆ, ಎಷ್ಟು ಹೊತ್ತು? ಹೋದ ವಾರ ಸಭೆ ನಡೆಯಿತಾ? ಈ ಪ್ರಶ್ನೆ ಮರೆಯಲೇಬೇಡಿ, ಗುಂಪು ಜೀವಂತ ಇದೆಯೋ ಇಲ್ಲವೋ ಗೊತ್ತಾಗುವುದು ಇದರಿಂದಲೇ. ಜಾಗದ ಗುರುತು ಏನು? ಮಾತು ಕನ್ನಡದಲ್ಲೋ ತೆಲುಗಿನಲ್ಲೋ? ಬಳ್ಳಾರಿ, ರಾಯಚೂರಿನಲ್ಲಿ ಎರಡೂ ಬೆರೆಯುತ್ತವೆ. ಜೊತೆಗೆ ಬಂದವರು ಒಳಗೆ ಕೂರಬಹುದಾ? ಎಎಯಲ್ಲಿ ಎಲ್ಲರೂ ಬರಬಹುದಾದ ತೆರೆದ ಸಭೆ ಬೇರೆ, ಕುಡಿತದ ತೊಂದರೆ ಇರುವವರಿಗೆ ಮಾತ್ರ ಇರುವ ಮುಚ್ಚಿದ ಸಭೆ ಬೇರೆ. ಮೊದಲ ಸಲ ತೆರೆದ ಸಭೆ ಒಳ್ಳೆಯದು. ಕೊನೆಯ ಪ್ರಶ್ನೆ: ಗೇಟಿನ ಹತ್ತಿರ ಯಾರಾದರೂ ನಿಂತಿರುತ್ತೀರಾ? ಹೊಸಬರಿಗಾಗಿ ಕಾದು ನಿಲ್ಲುವುದನ್ನು ಅವರು ಸಂತೋಷದಿಂದ ಮಾಡುತ್ತಾರೆ.

ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಫೋನ್ ಮಾಡಿ. ವಾಪಸ್ ಬರುವ ಕೊನೆಯ ಬಸ್ಸು ಎಷ್ಟಕ್ಕೆ ಅನ್ನುವುದನ್ನೂ ಬರೆದುಕೊಳ್ಳಿ. ಬಸ್ಸು ತಪ್ಪಿ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕಳೆಯುವುದು, ಎದುರಿಗೆ ಬಾರಿನ ಬೋರ್ಡು ಉರಿಯುವುದು, ಇದು ಹೊಸದಾಗಿ ಬಿಟ್ಟವರಿಗೆ ಬೇಡ.

ಮಹಿಳೆಯರಿಗೆ ಒಂದು ಮಾತು. ಕುಡಿಯುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅವರು ಪಡುವ ನಾಚಿಕೆ ಗಂಡಸರಿಗಿಂತ ಹತ್ತು ಪಟ್ಟು. ಬರೀ ಗಂಡಸರಿರುವ ಕೋಣೆಗೆ ಹೋಗಲು ಮನಸ್ಸಾಗದಿದ್ದರೆ, ಮಹಿಳೆಯರ ಆನ್‌ಲೈನ್ ಸಭೆ ಇದೆಯಾ ಅಂತ ಎಎ ಸಹಾಯವಾಣಿಯಲ್ಲಿ ಕೇಳಿ. ಮಾತಾಡಲು ಹೆಣ್ಣುಮಗಳನ್ನೇ ಕೊಡಿ ಅನ್ನುವುದರಲ್ಲಿ ತಪ್ಪೇನೂ ಇಲ್ಲ.

ಹಂತ 5: ಮೊದಲ ಸಭೆ

ಹತ್ತು ನಿಮಿಷ ಮುಂಚೆ ಹೋಗಿ. ತಡವಾಗಿ ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ ಅನ್ನುವ ಅಂಜಿಕೆಗೇ ಜನ ಬಾಗಿಲಿನಿಂದ ವಾಪಸ್ ಬರುತ್ತಾರೆ. ಹಿಂದಿನ ಕುರ್ಚಿಯಲ್ಲಿ ಕೂರಿ. ಸಭೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಒಬ್ಬೊಬ್ಬರೂ ಹೆಸರು ಹೇಳಿ ತಮ್ಮ ಅನುಭವ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ "ಇವತ್ತು ಕೇಳ್ತೀನಿ" ಅಂದರೆ ಸಾಕು.

ಒಂದು ಡಬ್ಬಿಯೋ ಚೀಲವೋ ಕೈಯಿಂದ ಕೈಗೆ ಬರಬಹುದು. ಜಾಗದ ಬಾಡಿಗೆಗೆ, ಚಹಾಕ್ಕೆ ಅಂತ ಹತ್ತು ಇಪ್ಪತ್ತು ಹಾಕುತ್ತಾರೆ. ಹೊಸಬರು ಹಾಕದಿದ್ದರೆ ಯಾರೂ ಕೇಳುವುದಿಲ್ಲ.

ಪರಿಚಯದವರು ಕಂಡರೆ? ಇದೇ ಎಲ್ಲರ ದೊಡ್ಡ ಭಯ. ಆದರೆ ಯೋಚನೆ ಮಾಡಿ, ಅವರೂ ಅಲ್ಲಿಗೆ ಬಂದದ್ದು ಅದೇ ಕಾರಣಕ್ಕೆ. ಅಲ್ಲಿ ಕಂಡದ್ದು, ಕೇಳಿದ್ದು ಹೊರಗೆ ಹೋಗಬಾರದು ಅನ್ನುವುದು ಗುಂಪಿನ ಗಟ್ಟಿ ನಿಯಮ. ಆದರೂ ಮನಸ್ಸು ಒಪ್ಪದಿದ್ದರೆ ಪಕ್ಕದ ಊರಿನ ಗುಂಪಿಗೆ ಹೋಗಿ. ನಮ್ಮಣ್ಣ ಮೊದಲ ಆರು ತಿಂಗಳು ಹಾಗೇ ಮಾಡಿದ. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬರುವುದೇ ಅವನಿಗೆ ಒಂದು ಕೆಲಸವಾಯಿತು.

ಕುಡಿದು ಹೋಗಬಹುದಾ ಅಂತ ಕೇಳುತ್ತಾರೆ. ಗಲಾಟೆ ಮಾಡದಿದ್ದರೆ ಎಎಯಲ್ಲಿ ಸಾಮಾನ್ಯವಾಗಿ ಹೊರಗೆ ಹಾಕುವುದಿಲ್ಲ. ಸುಮ್ನೆ ಕೂತು ಕೇಳಲು ಹೇಳುತ್ತಾರೆ. ಹೋಗದೇ ಇರುವುದಕ್ಕಿಂತ ಅದು ವಾಸಿ.

ಹೊರಡುವ ಮುಂಚೆ ಕನಿಷ್ಠ ಇಬ್ಬರ ನಂಬರ್ ತಗೊಳ್ಳಿ. ಇದನ್ನು ಮಾಡದೆ ಬಂದವರು ಎರಡನೇ ಸಲ ಹೋಗುವುದು ಕಡಿಮೆ, ನಾನು ಕಂಡಂತೆ.

ಹಂತ 6: ನಾಲ್ಕು ಸಲ ಹೋಗಿ, ಆಮೇಲೆ ತೀರ್ಮಾನ ಮಾಡಿ

ಒಂದೇ ಸಲ ಹೋಗಿ "ಅದು ನಮಗೆ ಆಗಿಬರಲ್ಲ" ಅನ್ನುವುದು ನಾನು ಅತಿ ಹೆಚ್ಚು ಕೇಳಿದ ಸೋಲು. ಮೊದಲ ಸಭೆಯಲ್ಲಿ ಕೈ ನಡುಗುತ್ತಿರುತ್ತದೆ, ತಲೆಯಲ್ಲಿ ಏನೂ ಹೋಗುವುದಿಲ್ಲ. ಎರಡನೆಯದರಲ್ಲಿ ಮುಖಗಳು ಗೊತ್ತಾಗುತ್ತವೆ. ಮೂರು ನಾಲ್ಕನೆಯದರಲ್ಲಿ ಯಾರೋ ಒಬ್ಬರು ನಿಮ್ಮದೇ ಕಥೆ ಹೇಳುತ್ತಾರೆ. ಅಲ್ಲಿಯವರೆಗೆ ತಾಳಿಕೊಳ್ಳಿ. ಆಮೇಲೂ ಹೊಂದದಿದ್ದರೆ ಗುಂಪು ಬದಲಿಸಿ, ಬಿಡುವ ನಿರ್ಧಾರ ಬದಲಿಸಬೇಡಿ.

ಆದರೆ ಈ ಗುರುತುಗಳು ಕಂಡರೆ ನಾಲ್ಕು ಸಲ ಕಾಯಬೇಡಿ, ಅವತ್ತೇ ಹೊರಗೆ ಬನ್ನಿ.

ನೂರಕ್ಕೆ ನೂರು ಗ್ಯಾರಂಟಿ ಅನ್ನುವುದು. ಸೇರಲು ಶುಲ್ಕ ಕೇಳುವುದು. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸು ಅನ್ನುವುದು, ಅದರಲ್ಲೂ ಮಾನಸಿಕ ಕಾಯಿಲೆಯ ಅಥವಾ ಮೂರ್ಛೆಯ ಮಾತ್ರೆ. ಸದಸ್ಯರು ಅಳುವುದನ್ನು ವಿಡಿಯೊ ಮಾಡಿ ಹಾಕುವುದು. ಸಾಲ, ಚೀಟಿ, ವಿಮೆ, ವೋಟಿನ ಮಾತು ತರುವುದು. ಹೊಸಬರಿಗೆ ದಾರಿ ತೋರಿಸುವ ಹಿರಿಯ ಸದಸ್ಯರನ್ನು ಎಎಯಲ್ಲಿ ಸ್ಪಾನ್ಸರ್ ಅನ್ನುತ್ತಾರೆ. ಅವರು ದುಡ್ಡು ಕೇಳಿದರೆ ಅದು ತಪ್ಪು. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ, ಗಂಡಸರಿಗೆ ಗಂಡಸರೇ ಸ್ಪಾನ್ಸರ್ ಆಗುವುದು ರೂಢಿ.

ಇನ್ನು ಕೇಂದ್ರಕ್ಕೆ ಸೇರಿಸುವ ಪರಿಸ್ಥಿತಿ ಬಂದರೆ, ಮೊದಲು ಅದರ ನೋಂದಣಿ ಪತ್ರ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತದಿಂದಾದ ಮಾನಸಿಕ ತೊಂದರೆಗೂ ಅನ್ವಯಿಸುತ್ತದೆ. ಸರಪಳಿ ಹಾಕಿ ಕಟ್ಟುವುದನ್ನು ಅದು ನಿಷೇಧಿಸುತ್ತದೆ. ನಾವು ಅಣ್ಣನನ್ನು ಮೊದಲು ಸೇರಿಸಿದ ಒಂದು ಕಡೆ ಫೋನ್ ಕಿತ್ತುಕೊಂಡರು, ಒಂದು ತಿಂಗಳು ಮನೆಯವರು ಬರಬಾರದು ಅಂದರು. ಒಂಬತ್ತನೇ ದಿನ ಹಟ ಮಾಡಿ ಹೋದಾಗ ಅವನ ಕಾಲಿನ ಮೇಲೆ ಹಗ್ಗದ ಗುರುತಿತ್ತು. ಮನೆಯವರು ನೋಡಬಾರದು ಅನ್ನುವ ಜಾಗದಲ್ಲಿ ನಿಮ್ಮವರನ್ನು ಬಿಡಬೇಡಿ. ಇಂಥದ್ದು ಆದರೆ 15100ಕ್ಕೆ ಫೋನ್ ಮಾಡಿ, ಅದು ಉಚಿತ ಕಾನೂನು ನೆರವಿನ ನಂಬರ್.

ಹಂತ 7: ಮನೆಯವರು ಮಾಡಬಾರದ್ದು

ಸಾರಿನಲ್ಲಿ, ಚಹಾದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವುದು. "ಗೊತ್ತಾಗದಂತೆ ಕುಡಿತ ಬಿಡಿಸುವ ಔಷಧಿ" ಅಂತ ಜಾಹೀರಾತು ನೋಡಿರುತ್ತೀರಿ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿ, ಎದೆ ಬಡಿತ, ಬಿಪಿ ಬೀಳುವುದು, ಕೆಲವೊಮ್ಮೆ ಸಾವೂ ಆಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಈ ಅಪಾಯ ಇರುತ್ತದೆ. ಅದು ಒಳ್ಳೆಯ ಔಷಧಿಯೇ, ಆದರೆ ತಿನ್ನುವವರಿಗೆ ಗೊತ್ತಿದ್ದು, ಒಪ್ಪಿ, ಡಾಕ್ಟರ ಕಣ್ಣಿನಡಿ ತಿನ್ನಬೇಕು. ನಮ್ಮ ಮನೆಯಲ್ಲಿ ಅಣ್ಣ ಎರಡನೇ ಸಲ ಸಾಯುವ ಹಾಗಾದದ್ದು ಇದರಿಂದಲೇ. ಕೊಟ್ಟದ್ದು ನಮ್ಮವ್ವ, ಪ್ರೀತಿಯಿಂದ. ಅವಳಿಗೆ ಯಾರೂ ಹೇಳಿರಲಿಲ್ಲ.

ಸಭೆಯಿಂದ ಬಂದ ಕೂಡಲೇ "ಏನು ಹೇಳಿದ್ರು? ನೀನೇನು ಹೇಳಿದಿ?" ಅಂತ ವಿಚಾರಣೆ ಮಾಡಬೇಡಿ. ಬಾಯಿ ವಾಸನೆ ನೋಡಬೇಡಿ. ಊಟಕ್ಕೆ ಕರೆಯಿರಿ.

ಹಂತ 8: ಮತ್ತೆ ಕುಡಿದರೆ

ಕುಡಿಯಬಹುದು. ಜಾತ್ರೆ, ಅಲಾಯಿ ಹಬ್ಬ, ಮದುವೆ, ಭತ್ತದ ದುಡ್ಡು ಕೈಗೆ ಬಂದ ದಿನ, ವಾರದ ಬಟವಾಡೆಯ ಸಂಜೆ. ಅಂಥ ದಿನಗಳನ್ನು ಮೊದಲೇ ಗುರುತು ಹಾಕಿ, ಅವತ್ತು ಗುಂಪಿನ ಒಬ್ಬರಿಗೆ ಬೆಳಿಗ್ಗೆಯೇ ಫೋನ್ ಮಾಡಿ. ಕುಡಿದೇಬಿಟ್ಟರೆ ಮರುದಿನವೇ ಫೋನ್ ಮಾಡಿ, ಮುಂದಿನ ಸಭೆಗೆ ಹೋಗಿ. ಗುಂಪಿನವರು ಬಯ್ಯುವುದಿಲ್ಲ, ಅವರಲ್ಲಿ ಎಷ್ಟೋ ಜನ ಹಾಗೇ ತಿರುಗಿ ಬಂದವರು. ನಾಲ್ಕೈದು ದಿನ ಸತತವಾಗಿ ಕುಡಿದಿದ್ದರೆ ಮಾತ್ರ ಮತ್ತೆ ಹಂತ 1ರಿಂದ, ಅಂದರೆ ಡಾಕ್ಟರಿಂದ ಶುರುಮಾಡಿ.

ಹಂತ 9: ನಿಜಕ್ಕೂ ಗುಂಪು ಇಲ್ಲದಿದ್ದರೆ

ಎಲ್ಲ ವಿಚಾರಿಸಿದ ಮೇಲೂ ಹೋಗಿಬರುವ ದೂರದಲ್ಲಿ ಏನೂ ಇಲ್ಲ ಅಂದರೆ ಎರಡು ಕೆಲಸ ಒಟ್ಟಿಗೆ ಮಾಡಿ. ಆನ್‌ಲೈನ್ ಸಭೆಗೆ ಸೇರಿ, ಕನ್ನಡದ್ದು ಯಾವಾಗ ಅಂತ ಸಹಾಯವಾಣಿಯಲ್ಲಿ ಕೇಳಿ. ಮನೆಯ ಗದ್ದಲ ಬೇಡ ಅಂದರೆ ಹೊಲದ ಬದುವಿನಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುವವರಿದ್ದಾರೆ.

ಜೊತೆಗೆ ನಿಮ್ಮೂರಲ್ಲೇ ಒಂದು ಗುಂಪು ಶುರುಮಾಡಿ. ಎಎ ರೀತಿಯಲ್ಲಿ ಬಿಡಬೇಕೆನ್ನುವ ಇಬ್ಬರು ಮೂವರು ಸೇರಿದರೆ ಅದೇ ಗುಂಪು. ಶುರುಮಾಡಿದ್ದನ್ನು ಮುಖ್ಯ ಕಚೇರಿಗೆ ತಿಳಿಸಿದರೆ ಪುಸ್ತಕ, ಸಲಹೆ ಕೇಳಿ ಪಡೆಯಬಹುದು. ಎರಡನೆಯವರು ಯಾರು ಅಂತ ಆಸ್ಪತ್ರೆಯ ಸಮಾಲೋಚಕರನ್ನು ಕೇಳಿ, ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರು ಆ ಮನುಷ್ಯನ ಒಪ್ಪಿಗೆ ಪಡೆದೇ ನಂಬರ್ ಕೊಡಲಿ.

ಜಾಗಕ್ಕೆ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ (ಗ್ರಂಥಾಲಯ), ಶಾಲೆಯ ಕೋಣೆ, ಚರ್ಚಿನ ಹಾಲ್, ಮಠದ ಪಡಸಾಲೆ ಕೇಳಿ ನೋಡಿ. ಯಾರ ಮನೆಯಲ್ಲೂ ಬೇಡ, ಮನೆಯವರ ನಡುವೆ ಬಾಯಿ ಬಿಚ್ಚುವುದು ಕಷ್ಟ. ಬಾರಿನ ಮುಂದೆ ಹಾದು ಬರಬೇಕಾದ ಜಾಗವೂ ಬೇಡ. ವಾರ ಮತ್ತು ಗಂಟೆ ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ. ಬಟವಾಡೆಯ ಸಂಜೆಯನ್ನೇ ಆರಿಸಿಕೊಳ್ಳಿ ಅಂತ ನನ್ನ ಸಲಹೆ. ಕೈಯಲ್ಲಿ ದುಡ್ಡಿರುವ ಆ ಎರಡು ಗಂಟೆಯೇ ಅಲ್ವಾ ಕಷ್ಟದ್ದು?

ಸುಗ್ಗಿ ಕಾಲದಲ್ಲಿ ಜನ ಕಡಿಮೆಯಾಗುತ್ತಾರೆ. ಹೆಚ್ಚಿನ ಹೊಸ ಗುಂಪು ಸಾಯುವುದು ಆಗಲೇ. "ಈ ವಾರ ಯಾರೂ ಬರಲ್ಲ, ಬೇಡ ಬಿಡು" ಅಂತ ಒಮ್ಮೆ ನಿಲ್ಲಿಸಿದರೆ, ಅವತ್ತೇ ಮೊದಲ ಸಲ ಧೈರ್ಯ ಮಾಡಿ ಬಂದವರು ಬೀಗ ನೋಡಿ ಹೋಗುತ್ತಾರೆ. ಕೋಣೆಯ ಕೀಲಿಕೈ ಇಬ್ಬರ ಹತ್ತಿರ ಇರಲಿ. ಒಬ್ಬರು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು, ದೀಪ ಹಾಕಿ, ಪೂರ್ತಿ ಒಂದು ಗಂಟೆ ಕೂರಬೇಕು.